ಪಾಸ್‌ಬುಕ್ಕಿನಲ್ಲಿ ದಾರ, ಪೊಟ್ಟಣದಲ್ಲಿ ಇನ್ನೊಂದು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಬ್ಯಾಂಕಿನ ಬಾಗಿಲಿನಿಂದ ಶುರು ಮಾಡಿದರೆ ನೀವು ಆಕಳಿಸುತ್ತೀರಿ. ಅಂಗಡಿಯ ಪರದೆಯ ಹಿಂದಿನಿಂದ ಶುರು ಮಾಡಿದರೆ ನಾನು ಬೆವರುತ್ತೇನೆ. ನಿಮ್ಮ ಆಕಳಿಕೆ, ನನ್ನ ಬೆವರು, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗಿ ಬಂದಾಗ ಯಾವ ಲೇಖಕನೂ ಮಾಡುವುದನ್ನೇ ನಾನೂ ಮಾಡಿದೆ. ನಿಮ್ಮನ್ನು ಆಕಳಿಸಲು ಬಿಟ್ಟೆ.

ಹಾಗಾಗಿ ಮೊದಲನೇ ಡ್ರಾಫ್ಟು ಹೀಗಿತ್ತು: "ಗಾಜಿನ ಬಾಗಿಲು ತಳ್ಳಿಕೊಂಡು ಒಬ್ಬ ಹೆಂಗಸು ಬ್ಯಾಂಕಿನೊಳಗೆ ಬಂದಳು. ಆಕೆಯದು ಮೇಣದಬತ್ತಿಯ ವ್ಯಾಪಾರ."

(ಸುಳ್ಳು. ಆಕೆ ಮೇಣದಬತ್ತಿ ಮಾರುವವಳಲ್ಲ. ಆದರೆ ಮೇಣದಬತ್ತಿ ಎಂದು ಬರೆಯುವಾಗ ನನ್ನ ಕೈ ಎಷ್ಟು ಸಲೀಸಾಗಿ ಓಡಿತು ಅಂತೀರಿ!)

ಒಂದೇ ತೊಂದರೆಯಾಯಿತು. ಮೇಣದಬತ್ತಿ ಮಾರುವವಳಿಗೆ ಯಾವ ಬ್ಯಾಂಕು ತಾನೇ ಖಾತೆ ಇಲ್ಲ ಅನ್ನುತ್ತದೆ? ಅಧಿಕಾರಿ ಎದ್ದು ಕುರ್ಚಿ ತೋರಿಸಿದ, ನೀರು ತರಿಸಿದ, ಸಹಿ ಹಾಕಿಸಿಕೊಂಡ. ಆಕೆ ನಗುನಗುತ್ತಾ ಹೊರಗೆ ಬಂದಳು. ಅರ್ಧ ಪುಟಕ್ಕೇ ಕಥೆ ಮುಗಿದುಹೋಯಿತು. ಇದನ್ನು ಕಳಿಸಿದರೆ ಸಂಪಾದಕರು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ, "ಉಳಿದದ್ದು ಎಲ್ಲಿ?" ಎಂದು ಕೇಳುವುದು ಖಂಡಿತ.

ಎರಡನೇ ಡ್ರಾಫ್ಟಿನಲ್ಲಿ ಆಕೆಯ ಕೈಗೆ ವಿಗ್ಗಿನ ವ್ಯಾಪಾರ ಕೊಟ್ಟೆ. ಅದರಲ್ಲಿ ಅಧಿಕಾರಿಗೇ ಬೋಳುತಲೆ ಇಟ್ಟುಬಿಟ್ಟೆ. ಆತ ಖಾತೆಯನ್ನೂ ಕೊಟ್ಟ, ಒಂದು ವಿಗ್ಗನ್ನೂ ಕೊಂಡ.

೨

"ಯಾಕ್ರೀ ಸಾರ್, ಮೇಣದಬತ್ತಿ ಆಯ್ತು, ವಿಗ್ಗಾಯ್ತು. ಇನ್ನು ಹೂವಿನ ಗಿಡ ಮಾರಿಸ್ತೀರಾ ನನ್ನ ಕೈಲಿ?"

ಇದು ಆಕೆಯೇ. ನನ್ನ ಕಥೆಯ ನಾಯಕಿ. ಕೊರಳಲ್ಲಿ ಹೊಲಿಗೆಯ ಟೇಪು, ಮೂಗಿನ ತುದಿಯಲ್ಲಿ ಕನ್ನಡಕ, ನಡುವಯಸ್ಸು ದಾಟಿದ ಗಟ್ಟಿ ಹೆಂಗಸು. ಬೀದಿಯವರೆಲ್ಲ ದಾರದಕ್ಕ ಅಂತ ಕರೆಯುತ್ತಾರೆ. ಪಾತ್ರಗಳು ಲೇಖಕನನ್ನು ಮಾತಾಡಿಸುವುದು ಈಗ ಹಳೆಯ ವರಸೆ ಅಂತ ನನಗೂ ಗೊತ್ತು. ಆದರೆ ಇದನ್ನು ಆಕೆಗೆ ಯಾರು ಹೇಳುತ್ತಾರೆ? ನೀವು ಹೇಳಿ ನೋಡಿ.

"ಅಕ್ಕ, ಓದುಗರು ಮೊದಲು ನಿಮ್ಮ ಪಕ್ಷಕ್ಕೆ ಬರಲಿ ಅಂತ..." ಎಂದೆ.

"ನನ್ನ ಅಂಗಡೀಲಿ ಏನಿದೆ ಅಂತ ನಿಮಗೆ ಗೊತ್ತು ತಾನೇ?"

"ಗೊತ್ತು."

"ಮತ್ತೆ ಅದನ್ನ ಬರೀರಿ."

"ಬರೀತೀನಿ ಅಕ್ಕ. ಸ್ವಲ್ಪ ಸುತ್ತಿ ಬಳಸಿ..."

"ಸುತ್ತೋದು ನನ್ನ ಕೆಲಸ, ಪೊಟ್ಟಣ ಕಟ್ಟೋಕೆ. ನೀವು ಬಿಚ್ಚಿ ಬರೀರಿ."

ಸರಿ. ಉಗುಳು ನುಂಗಿಕೊಂಡು ಬರೆಯುತ್ತೇನೆ. ದಾರದಕ್ಕನ ಅಂಗಡಿಯ ಮುಂಭಾಗದಲ್ಲಿ ದಾರ, ಗುಂಡಿ, ಲೇಸು, ಜಿಪ್ಪು. ಅಲ್ಲಿ ಕೂರುವುದು ಆಕೆಯ ಅತ್ತೆ. ಅಂಗಡಿ ಮೂಲದಲ್ಲಿ ಅತ್ತೆಯದೇ. ಹಿಂದೆ ಒಂದು ನೀಲಿ ಪರದೆ. ಆ ಪರದೆಯ ಆಚೆ ದಾರದಕ್ಕ ಮಾರುವುದು ಹಾಸಿಗೆ ಸುಖಕ್ಕೆ ಬೇಕಾದ ಸಾಮಾನು. ಕಾಂಡೋಮು, ಜೆಲ್ಲು, ತೆಳ್ಳನೆಯ ರಾತ್ರಿಯುಡುಪು, ವೈಬ್ರೇಟರು. ಎಲ್ಲ ಕಾನೂನಿಗೆ ಒಪ್ಪಿತವಾದದ್ದೇ. ಪರವಾನಗಿಗೆ ಫ್ರೇಮು ಹಾಕಿಸಿ ಗೋಡೆಗೆ ತೂಗುಹಾಕಿದ್ದಾಳೆ, ತೆರಿಗೆ ಕಟ್ಟುತ್ತಾಳೆ.

(ನೋಡಿ, ಬರೆದೆ. ಆಕಾಶವೇನೂ ಕಳಚಿ ಬೀಳಲಿಲ್ಲ. ಸಾಮಾನಿನ ಪಟ್ಟಿಯ ಕೊನೆಯ ಪದ ಬರೆಯುವ ಮುಂಚೆ ಒಮ್ಮೆ ಬೆನ್ನ ಹಿಂದೆ ನೋಡಿಕೊಂಡೆ, ಅಷ್ಟೇ.)

ಬೆನ್ನ ಹಿಂದೆ ನನ್ನ ಹೆಂಡತಿ ಒಗೆದು ಒಣಗಿದ ಬಟ್ಟೆ ಮಡಚುತ್ತಿದ್ದಳು. ನಾನು ಹಾಳೆಯನ್ನು ಬೋರಲು ಹಾಕಿದೆ.

"ಏನು ಬರೀತಿದೀರಿ?"

"ಬ್ಯಾಂಕಿನ ಬಗ್ಗೆ."

"ಬ್ಯಾಂಕಿನ ಬಗ್ಗೆ ಬರೆಯೋಕೆ ಕಿವಿ ಯಾಕೆ ಕೆಂಪಾಗಿದೆ?"

ಸೆಕೆ ಎಂದೆ. ಅವಳು ಕಿಟಕಿ ತೆರೆದು ಹೋದಳು.

೩

ಈಗ ಅಂಗಡಿಯ ಪದ್ಧತಿ ಹೇಳಬೇಕು. ಇದು ಗೊತ್ತಿಲ್ಲದಿದ್ದರೆ ಮುಂದಿನದು ನಿಮಗೆ ಅರ್ಥವಾಗುವುದಿಲ್ಲ.

ಪರದೆಯ ಹಿಂದಕ್ಕೆ ಯಾರೂ ನೇರವಾಗಿ ಹೋಗುವುದಿಲ್ಲ. ಮೊದಲು ಅತ್ತೆಯ ಮುಂದೆ ನಿಂತು ಒಂದು ಉಂಡೆ ದಾರ ಕೊಳ್ಳುತ್ತಾರೆ. ಯಾವ ಬಣ್ಣ ಎಂದು ಅತ್ತೆ ಕೇಳುವುದಿಲ್ಲ, ಅವರೂ ಹೇಳುವುದಿಲ್ಲ. ಕೈಗೆ ಸಿಕ್ಕಿದ್ದನ್ನು ಕೊಡುತ್ತಾಳೆ. ಆಮೇಲೆ "ಲೇಸು ಒಳಗಿದೆ, ನೋಡ್ಕೊಳ್ಳಿ" ಅನ್ನುತ್ತಾಳೆ. ಒಳಗೆ ಹೋದವರು ಏನನ್ನೇ ಕೊಂಡರೂ ದಾರದಕ್ಕ ಅದನ್ನು ಕಂದು ಕಾಗದದಲ್ಲಿ ಸುತ್ತಿ, ಮೇಲೆ ಆ ದಾರದುಂಡೆ ಕಾಣುವ ಹಾಗೆ ಇಟ್ಟು, ಚೀಲಕ್ಕೆ ಹಾಕುತ್ತಾಳೆ. ದಾರಿಯಲ್ಲಿ ಯಾರಾದರೂ ಚೀಲದೊಳಗೆ ಇಣುಕಿದರೆ ದಾರ. ಫೋನಿನಲ್ಲಿ ಹಣ ಕಟ್ಟಿದರೆ ತೆರೆಯ ಮೇಲೆ ಬರುವ ಹೆಸರು ದಾರ-ಗುಂಡಿ ಭಂಡಾರ. ಪಾಸ್‌ಬುಕ್ಕಿನಲ್ಲೂ ಅದೇ. ಖಾತೆ ಅತ್ತೆಯ ಕಾಲದ್ದು. ಹೆಸರು ಬದಲಿಸುವುದು ಬೇಡ ಅಂತ ಗಿರಾಕಿಗಳೇ ಬೇಡಿಕೊಂಡಿದ್ದರು.

ಹೀಗೆ ಈ ಊರಿನ ಎಷ್ಟೋ ಮನೆಗಳಲ್ಲಿ ಹೊಲಿಗೆ ಬಾರದವರ ಹತ್ತಿರ ರಾಶಿ ದಾರ ಇದೆ.

ಮುಳುವಾದದ್ದು ಅದೇ. ಒಬ್ಬ ಮಹಾಶಯನಿದ್ದ. (ಕಥೆಯಲ್ಲಿ ಅವನನ್ನು ಸೂಜಿಯಿಲ್ಲದ ಗಂಡ ಅನ್ನೋಣ.) ಅವನು ಪಾಸ್‌ಬುಕ್ಕು ನೋಡಿದ, ಪದೇ ಪದೇ ದಾರ-ಗುಂಡಿ. ಮೇಜಿನ ಖಾನೆ ಎಳೆದ, ಒಳಗೆ ಬಣ್ಣಬಣ್ಣದ ದಾರದುಂಡೆ, ಒಂದರ ಕಾಗದವೂ ಹರಿದಿಲ್ಲ. ಮನೆಯೆಲ್ಲ ಜಾಲಾಡಿದ, ಒಂದು ಸೂಜಿ ಸಿಕ್ಕಲಿಲ್ಲ. ಬೇರೆ ಗಂಡನಾಗಿದ್ದರೆ ಹೆಂಡತಿಯ ಮೇಲೆ ಅನುಮಾನಪಡುತ್ತಿದ್ದ. ಇವನು ಒಳ್ಳೆಯವನು, ಅಂಗಡಿಯ ಮೇಲೆ ಅನುಮಾನಪಟ್ಟ. ಪಾಪದ ಹೆಂಡತಿಗೆ ಯಾರೋ ದಾರ ತಲೆಗೆ ಕಟ್ಟಿ ದುಡ್ಡು ಹೊಡೆಯುತ್ತಿದ್ದಾರೆ ಅಂತ ತೀರ್ಮಾನಿಸಿ, ಅವಳಿಗೂ ಹೇಳದೆ, ಸೀದಾ ಬ್ಯಾಂಕಿಗೆ ಹೋಗಿ ದೂರು ಕೊಟ್ಟ. "ನಮ್ಮನೇಲಿ ಸೂಜೀನೇ ಇಲ್ಲ ಸ್ವಾಮಿ, ಇಷ್ಟೊಂದು ದಾರ ಯಾಕೆ?"

ನನ್ನ ಕಥೆಯಲ್ಲಿ ನಾನು ಮೆಚ್ಚುವ ಗಂಡಸು ಇವನೊಬ್ಬನೇ. ದಾರದಕ್ಕನ ಬುಡಕ್ಕೆ ಕೊಡಲಿ ಹಾಕಿದವನೂ ಇವನೇ.

೪

ದೂರು ಬಂದ ಮೇಲೆ ದಾರದಕ್ಕನನ್ನು ಕರೆಸಿದ ಬ್ಯಾಂಕಿನ ಅಧಿಕಾರಿಗೆ ಮೊದಲು ದಪ್ಪ ಮೀಸೆ, ಗಡಸು ದನಿ, ಬೆರಳಿಗೆ ಉಂಗುರ ಎಲ್ಲ ಬರೆದಿದ್ದೆ. ಹೊಡೆದುಹಾಕಿದೆ. ಅಸಲಿಗೆ ಆತ ತೀರಾ ಮೃದು. ಮಾತಿಗೆ ಮುಂಚೆ ಪಾಲಿಸಿ, ಮಾತಿನ ಮಧ್ಯೆ ಪಾಲಿಸಿ, ಮಾತು ಮುಗಿದ ಮೇಲೂ ಪಾಲಿಸಿ. ದಾರದಕ್ಕ ಅವನಿಗೆ ಪಾಲಿಸಿರಾಯ ಅಂತ ಹೆಸರಿಟ್ಟಳು.

"ನೀವು ಆ ದೂರು ಕೊಟ್ಟವರ ಹೆಂಡ್ತಿಗೆ ಏನು ಮಾರಿದ್ರಿ ಅಂತ ಒಂದು ಮಾತು ಹೇಳಿಬಿಡಿ ಮೇಡಂ. ದೂರು ಇಲ್ಲಿಗೇ ಮುಗಿಸ್ತೀನಿ."

"ಹೇಳಲ್ಲ."

"ದಾರ ಅಂತಾನೇ ಬರ್ಕೊಳ್ಳಲಾ?"

"ಸುಳ್ಳೂ ಹೇಳಲ್ಲ."

"ಮತ್ತೆ?"

"ನನ್ನ ಅಂಗಡೀಲಿ ಏನೇನಿದೆ ಅಂತ ಕೇಳಿ, ಅಷ್ಟೂ ಹೇಳ್ತೀನಿ. ಯಾರು ಏನು ತಗೊಂಡ್ರು ಅಂತ ಕೇಳ್ಬೇಡಿ. ಅದು ನನ್ನದಲ್ಲ, ಅವರದು."

ಕೇಳಿದ. ಹೇಳಿದಳು. ಒಂದೊಂದಾಗಿ, ಗುಂಡಿಗಳ ಅಳತೆ ಹೇಳುವ ದನಿಯಲ್ಲಿ. ಪಾಲಿಸಿರಾಯ ಪೆನ್ನು ಕೆಳಗಿಟ್ಟು, ಮೇಜಿನ ಮೇಲಿದ್ದ ದೇವರ ಚಿತ್ರದ ಕ್ಯಾಲೆಂಡರನ್ನು ಆಚೆಗೆ ತಿರುಗಿಸಿ, ದನಿ ತಗ್ಗಿಸಿದ.

"ಅಂದ್ರೆ... ಆ ಥರದ್ದು."

"ಯಾವ ಥರದ್ದು?"

"ಅದೇ ಮೇಡಂ. ಅಂಥಾದ್ದು."

"ತಪ್ಪಾ ಅದು? ಕಾನೂನಿಗೆ ವಿರುದ್ಧವಾ?"

"ಛೆ ಛೆ, ಯಾರಂದ್ರು? ಕಾನೂನಲ್ಲಿ ಏನೂ ತೊಂದ್ರೆ ಇಲ್ಲ. ನಮ್ಮ ಪಾಲಿಸೀಲಿ ಬರಲ್ಲ ಅಷ್ಟೇ."

"ಪಾಲಿಸಿ ಯಾರು ಮಾಡಿದ್ದು?"

"ಮೇಲಿನವರು."

ದಾರದಕ್ಕ ಮೇಲೆ ನೋಡಿದಳು. ಫ್ಯಾನು ತಿರುಗುತ್ತಿತ್ತು.

ಆತ 'ಇಲ್ಲ' ಎಂಬ ಪದವನ್ನು ಒಮ್ಮೆಯೂ ಬಳಸಲಿಲ್ಲ. ನಮಗೂ ಮನಸ್ಸಿದೆ ಅಂದ, ವೈಯಕ್ತಿಕವಾಗಿ ನಿಮ್ಮ ಬಗ್ಗೆ ಗೌರವ ಇದೆ ಅಂದ, ಬಾಗಿಲ ತನಕ ಬಂದು ಬೀಳ್ಕೊಟ್ಟ. ಮಾರನೇ ದಿನ ಖಾತೆ ಮುಚ್ಚಿತ್ತು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವವರು ಬಾಗಿಲನ್ನು ಮಾತ್ರ ಸರಿಯಾಗಿಯೇ ಮುಚ್ಚುತ್ತಾರೆ.

(ಇಷ್ಟು ಬರೆದು ದಾರದಕ್ಕನಿಗೆ ಓದಿ ಹೇಳಿದೆ. ಆಕೆ ನಗಲಿಲ್ಲ. "ಆ ಥರದ್ದು, ಅಂಥಾದ್ದು ಅಂತ ನೀವೂ ಮೊನ್ನೆ ಅಂತಿದ್ರಲ್ಲ. ನೀವಿಬ್ರೂ ಒಂದೇ ಕಾಲೇಜಾ?" ಅಂದಳು.)

ಖಾತೆ ಹೋದರೆ ಹೋಗಲಿ, ರೊಕ್ಕದಲ್ಲಿ ವ್ಯಾಪಾರ ಮಾಡಿಕೊಳ್ಳಲಿ ಅಂತ ನೀವು ಅನ್ನಬಹುದು. ನಾನೂ ಅಂದೆ. ಆದರೆ ಸಾಮಾನು ಕಳಿಸುವ ಕಂಪನಿ ಬ್ಯಾಂಕಿನ ಮೂಲಕ ಹಣ ಬಂದರೆ ಮಾತ್ರ ಸರಕು ಕೊಡುತ್ತದೆ. ಕಟ್ಟಡದ ಮಾಲೀಕನೂ ಬಾಡಿಗೆಯನ್ನು ಖಾತೆಯಿಂದಲೇ ಕೇಳುತ್ತಾನೆ. ಖಾತೆ ಇಲ್ಲದಿದ್ದರೆ ಪರದೆಯ ಹಿಂದಿನ ಅಂಗಡಿ ಮುಚ್ಚಬೇಕು. ಅದು ಮುಚ್ಚಿದರೆ ಮುಂದಿನದೂ ಮುಚ್ಚಬೇಕು. ಈ ರೆಡಿಮೇಡ್ ಕಾಲದಲ್ಲಿ ದಾರ, ಗುಂಡಿ ಯಾರ ಹೊಟ್ಟೆ ತುಂಬಿಸುತ್ತದೆ? ಅತ್ತೆ-ಸೊಸೆಯರ ಮನೆಯ ಒಲೆ ಉರಿಯುತ್ತಿದ್ದದ್ದು ಪರದೆಯ ಹಿಂದಿನ ವ್ಯಾಪಾರದಿಂದ.

"ಅಕ್ಕ, ನನ್ನ ಹತ್ತಿರ ಒಂದು ಉಪಾಯ ಇದೆ," ಎಂದೆ ಉತ್ಸಾಹದಿಂದ. "ಪಾಲಿಸಿರಾಯನ ಹೆಂಡತೀನೇ ನಿಮ್ಮ ಗಿರಾಕಿ ಅಂತ ಮಾಡೋಣ. ಕೊನೇ ಪುಟದಲ್ಲಿ ಗೊತ್ತಾಗುತ್ತೆ. ಆತ ಪೆಚ್ಚಾಗ್ತಾನೆ, ಓದುಗರು ಚಪ್ಪಾಳೆ ತಟ್ತಾರೆ."

ದಾರದಕ್ಕ ಕನ್ನಡಕ ತೆಗೆದು ನನ್ನನ್ನು ನೋಡಿದಳು. ಆ ನೋಟದಲ್ಲಿ ನಾನು ಗೇಣುದ್ದ ಕುಗ್ಗಿದೆ.

"ಬ್ಯಾಂಕಿಗೆ ಹೇಳದೇ ಇದ್ದದ್ದನ್ನ ನಿಮ್ಮ ಓದುಗರಿಗೆ ಹೇಳ್ತೀನಾ?"

೫

ಐದನೇ ಭಾಗವನ್ನು ಕಿತ್ತುಹಾಕಿದ್ದೇನೆ. ಅದರಲ್ಲಿ ದಾರದಕ್ಕ ಬ್ಯಾಂಕಿನ ಮೆಟ್ಟಿಲ ಮೇಲೆ ಧರಣಿ ಕೂತಿದ್ದಳು. ನೂರಾರು ಜನ ಸೇರಿ ಘೋಷಣೆ ಕೂಗಿದ್ದರು. ಬರೆಯುವಾಗ ನನಗೇ ರೋಮಾಂಚನವಾಗಿತ್ತು.

"ಯಾರು ಸೇರಿದ್ದು? ನನ್ನ ಗಿರಾಕಿಗಳಾ?" ಅಂತ ಆಕೆ ಕೇಳಿದಳು. "ಅಂಗಡಿಗೆ ಬರುವಾಗ ಬಿಸಿಲಿಲ್ಲದಿದ್ರೂ ಛತ್ರಿ ಅಡ್ಡ ಹಿಡ್ಕೊಂಡು ಬರೋರು ಅವರು. ಬೀದೀಲಿ ನಿಂತು ಕೂಗ್ತಾರಾ? ಏನು ಅಂತ ಕೂಗ್ತಾರೆ, ಅದನ್ನಾದ್ರೂ ಬರೆದಿದೀರಾ?"

ಬರೆದಿರಲಿಲ್ಲ. ಅಲ್ಲಿ ಚುಕ್ಕಿ ಚುಕ್ಕಿ ಹಾಕಿದ್ದೆ.

೬

ಆಮೇಲೆ ಊರಿನ ಬ್ಯಾಂಕುಗಳೆಲ್ಲ ಆದವು. ಒಂದರಲ್ಲಿ ಅರ್ಜಿ ತೆಗೆದುಕೊಂಡರು, ಇನ್ನೊಂದರಲ್ಲಿ ಅರ್ಜಿ ಕಳೆದುಕೊಂಡರು. ಮತ್ತೊಂದರಲ್ಲಿ "ಗಿಫ್ಟ್ ಐಟಂ ಅಂತ ಹಾಕಿ ಮೇಡಂ, ನಾವು ಕಣ್ಣು ಮುಚ್ಕೋತೀವಿ" ಎಂದು ಬುದ್ಧಿ ಹೇಳಿದರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ದಾರದಕ್ಕ ಒಪ್ಪಲಿಲ್ಲ. ದಾರ ಅಂತ ಹೇಳಿ ಒಂದು ಸಲ ಸಿಕ್ಕಿಹಾಕಿಕೊಂಡಾಯಿತು, ಗಿಫ್ಟ್ ಅಂತ ಹೇಳಿ ಇನ್ನೊಂದು ಸಲ ಯಾಕೆ?

ಕೊನೆಗೆ ಒಂದು ಪೇಮೆಂಟ್ ಕಂಪನಿ ಸಿಕ್ಕಿತು. ಅಲ್ಲಿಯ ಹೆಣ್ಣುಮಗಳೊಬ್ಬಳು ಫೋನಿನಲ್ಲಿ ಸರಳವಾಗಿ, ಕೆಮ್ಮದೆ, ಮಾತಾಡಿದಳು. ಖಾತೆ ಕೊಡುತ್ತೇವೆ, ಆದರೆ ಎರಡು ಷರತ್ತು. ಹೆಸರಿನಲ್ಲೇ ವ್ಯಾಪಾರ ಏನೆಂದು ಗೊತ್ತಾಗಬೇಕು, ಹಣ ಕಟ್ಟಿದವರ ಪಾಸ್‌ಬುಕ್ಕಿನಲ್ಲಿ ಅದೇ ಹೆಸರು ಬೀಳಬೇಕು. ಮತ್ತೆ, ಇವತ್ತು ಆಫೀಸು ಮುಚ್ಚುವುದರೊಳಗೆ ಮನೆಯವರಲ್ಲದ ಒಬ್ಬ ಗಿರಾಕಿ ಆ ಹೆಸರಿಗೆ ಹಣ ಕಟ್ಟಬೇಕು. "ಅವರ ಬ್ಯಾಂಕಲ್ಲಿರೋ ನಂಬರಿಗೆ ನಾವೇ ಫೋನ್ ಮಾಡಿ ಕೇಳ್ತೀವಿ. ಈ ಅಂಗಡೀಲಿ ಕೊಂಡದ್ದು ನಿಜಾನಾ ಅಂತ. ಹೌದು ಅಂದ್ರೆ ಖಾತೆ ಓಡುತ್ತೆ. ಇಲ್ಲ ಅಂದ್ರೆ, ನಿಮ್ಮ ಮೇಲೆ ಮೊದಲೇ ಒಂದು ದೂರಿದೆ ನೋಡಿ, ಅರ್ಜಿ ಬಿದ್ದುಹೋಗುತ್ತೆ."

ಹೊಸ ಹೆಸರು ಹೀಗೆ: ದಾರದಕ್ಕನ ಲೈಂಗಿಕ ಸಾಮಗ್ರಿ ಅಂಗಡಿ.

"ದಂಪತಿ ಸುಖ ಅಂತ ಹಾಕಬಹುದಿತ್ತಲ್ಲ, ಕೇಳೋಕೆ ಮೆತ್ತಗಿರುತ್ತೆ," ಎಂದೆ.

"ಒಂಟಿ ಇರೋರು ಎಲ್ಲಿಗೆ ಹೋಗ್ಬೇಕು?" ಎಂದಳು ದಾರದಕ್ಕ.

ಅತ್ತೆ ಗುಂಡಿಗಳ ಡಬ್ಬಿಯಿಂದ ತಲೆ ಎತ್ತಿದಳು. "ಇಷ್ಟು ವರ್ಷ ಗುಂಡಿ ಮಾರಿದೆ. ಯಾರೂ ಏನೂ ಅನ್ನಲಿಲ್ಲ. ಗುಂಡಿ ಇರೋದು ಹಾಕ್ಕೊಳ್ಳೋಕೆ ಮಾತ್ರ ಅಂದ್ಕೊಂಡ್ರೋ ಏನೋ. ಬಿಚ್ಚೋಕೂ ಅದೇ ಅಲ್ವೇನಪ್ಪಾ?"

ಆವತ್ತು ನಾನು ಅಂಗಡಿಯಲ್ಲೇ ಇದ್ದೆ. ನಾನು ಬರೆದ ಅಂಗಡಿಗೆ ನಾನೇ ಬಂದು, ಮೂಲೆಯ ಸ್ಟೂಲಿನ ಮೇಲೆ ಕೂತು, ಬಂದವರ ಮಾತು ಬರೆದುಕೊಳ್ಳುತ್ತಿದ್ದೆ. (ಲೇಖಕರು ಕಥೆಯೊಳಗೆ ಬರುವುದಕ್ಕೂ ಒಂದು ಕಾರಣ ಇರಬೇಕು ಅಂತ ವಿಮರ್ಶಕರು ಹೇಳುತ್ತಾರೆ. ನನ್ನ ಕಾರಣ ಇಷ್ಟೇ. ಅಲ್ಲಿ ಟೀ ಚೆನ್ನಾಗಿತ್ತು.)

ಮೊದಲು ಬಂದವರು ಒಬ್ಬ ನಿವೃತ್ತ ಮೇಷ್ಟ್ರು, ಛತ್ರಿಯ ಸಮೇತ. ದಾರದುಂಡೆ ಕೊಂಡು, ಪರದೆ ಸರಿಸಿ, ತಮಗೆ ಬೇಕಾದ್ದನ್ನು ಆರಿಸಿ, ಫೋನು ತೆಗೆದರು.

"ಮೇಷ್ಟ್ರೇ, ಒಂದು ಮಾತು. ಇವತ್ತಿಂದ ಪಾಸ್‌ಬುಕ್ಕಲ್ಲಿ ದಾರ ಅಂತ ಬರಲ್ಲ. ಇದೇ ಹೆಸರು ಬರುತ್ತೆ," ಎಂದು ದಾರದಕ್ಕ ಹೊಸ ಫಲಕ ತೋರಿಸಿದಳು.

ಮೇಷ್ಟ್ರು ಅದನ್ನು ಓದಿದರು. ಕಾಗುಣಿತ ತಿದ್ದುವವರ ಹಾಗೆ ಎರಡು ಸಲ ಓದಿದರು. "ನಾಳೆ ಬರ್ತೀನಮ್ಮ," ಎಂದು ಫೋನು ಜೇಬಿಗಿಳಿಸಿದರು. ಛತ್ರಿ ಮರೆತು ಹೋಗಿ, ಅದನ್ನು ತೆಗೆದುಕೊಳ್ಳಲು ಬಂದು, ಮತ್ತೆ "ನಾಳೆ" ಎಂದರು.

ಆಮೇಲೆ ಹೊಸದಾಗಿ ಮದುವೆಯಾದ ಜೋಡಿ. ಅವರ ಖಾತೆಯ ವಿವರ ಹುಡುಗನ ಅಪ್ಪನ ಫೋನಿಗೆ ಹೋಗುತ್ತಂತೆ. ಹುಡುಗಿ ಹುಡುಗನ ಮುಖ ನೋಡಿದಳು, ಹುಡುಗ ದಾರದಕ್ಕನ ಅತ್ತೆಯ ಮುಖ ನೋಡಿದ. ದಾರ ತೆಗೆದುಕೊಂಡು ಹೋದರು. ಆಮೇಲೆ ಒಬ್ಬ ದಪ್ಪನೆಯ ನರ್ಸಮ್ಮ. ಆಸ್ಪತ್ರೆಯಲ್ಲಿ ದಿನಾ ಮನುಷ್ಯರ ಮೈ ತೊಳೆಯುವವರು, ಇವರಾದರೂ ಕಟ್ಟುತ್ತಾರೆ ಅಂತ ನಾನು ಆಸೆಪಟ್ಟೆ. "ನನಗೇನೂ ನಾಚಿಕೆ ಇಲ್ಲಮ್ಮ, ಆದ್ರೆ ಬ್ಯಾಂಕಲ್ಲಿ ನನ್ನ ತಂಗಿ ಕೆಲಸ ಮಾಡ್ತಾಳೆ," ಎಂದು ರೊಕ್ಕ ಕೊಟ್ಟು ಹೋದರು. ರೊಕ್ಕ ಲೆಕ್ಕಕ್ಕೆ ಬರುವುದಿಲ್ಲ.

ದಾರದಕ್ಕ ಯಾರನ್ನೂ ಬಲವಂತ ಮಾಡಲಿಲ್ಲ. ಪ್ರತಿಯೊಬ್ಬರಿಗೂ ಕೊಳ್ಳುವ ಮುಂಚೆಯೇ ಹೇಳಿದಳು. ಹೇಳದೆ ಇದ್ದಿದ್ದರೆ ಮೇಷ್ಟ್ರು ಒತ್ತಿಬಿಟ್ಟಿರುತ್ತಿದ್ದರು, ಅರ್ಧ ಕೆಲಸ ಮುಗಿದಿರುತ್ತಿತ್ತು. ನಾನು ಹಾಗಂದೆ ಕೂಡ.

"ಅವರ ಮಾನ ಇಷ್ಟು ದಿನ ನನ್ನ ಕೈಲಿತ್ತು ಸಾರ್. ಅದನ್ನ ಹೇಳದೆ ಕೇಳದೆ ಬೀದಿಗೆ ಹಾಕ್ಲಾ?"

ಗಡಿಯಾರ ಓಡುತ್ತಿತ್ತು. ಆಕೆ ಪರದೆಯನ್ನು ಸರಿಸಿ ಕಟ್ಟಿದಳು, ಬಿಚ್ಚಿದಳು, ಮತ್ತೆ ಕಟ್ಟಿದಳು. ನನಗೆ ಸಂಕಟವಾಯಿತು. ಆಡಿಕೊಂಡು ಬರೆಯುವುದು ಸುಲಭ, ಎದುರಿಗೆ ಕೂತು ನೋಡುವುದು ಕಷ್ಟ.

ಲೇಖಕನ ಅಧಿಕಾರ ಬಳಸಿಬಿಡೋಣ ಅನ್ನಿಸಿತು. ಪೆನ್ನು ತೆಗೆದು ಬರೆದೆ: "ಅಷ್ಟರಲ್ಲಿ ಒಬ್ಬ ಧೈರ್ಯವಂತ ಗಿರಾಕಿ ಅಂಗಡಿಯೊಳಗೆ ಬಂದ."

ಬಂದ. ಎತ್ತರದ ಆಳು, ಬಿಚ್ಚು ಎದೆ, ಗತ್ತಿನ ನಡಿಗೆ. ಬಿಳಿ ದಾರ ಕೇಳಿದ. ಬಿಳಿ ದಾರವನ್ನೇ ಕೊಂಡ. ಅವನು ದರ್ಜಿಯಂತೆ. ಹೋದ.

೬ (ಮುಂದುವರಿದದ್ದು. ಏಳು ಅಂತ ಹಾಕಿದರೆ ಕಥೆ ಮುಗಿಯುತ್ತ ಬಂತು ಅಂತ ನೀವು ಅಂದುಕೊಳ್ಳುತ್ತೀರಿ.)

"ನೀವು ಯಾಕೆ ಕಟ್ಟಬಾರದು?" ಎಂದಳು ದಾರದಕ್ಕ.

"ನಾನಾ? ನಾನು ಲೇಖಕ. ನಾನು ಕಥೆಯಿಂದ ಹೊರಗಿರೋನು."

"ಹೊರಗಿರೋರು ನನ್ನ ಸ್ಟೂಲ್ ಮೇಲೆ ಯಾಕೆ ಕೂತಿದೀರಿ? ಬಂದಾಗಿಂದ ಒಂದು ಗುಂಡಿ ಕೊಂಡಿಲ್ಲ. ಟೀ ಮಾತ್ರ ಮೂರಾಯ್ತು."

"ಅಕ್ಕ, ಅದು ಹಾಗಲ್ಲ..."

"ಹೇಗೆ?"

ಹೇಗೆಂದರೆ, ನನ್ನ ಖಾತೆ ಜಂಟಿ ಖಾತೆ. ಫೋನು ಎಲ್ಲಿಟ್ಟೆ ಅಂತ ದಿನಾ ಹುಡುಕುವ ಗಿರಾಕಿ ನಾನಾದ್ದರಿಂದ ಬ್ಯಾಂಕಿಗೆ ಕೊಟ್ಟ ನಂಬರು ಹೆಂಡತಿಯದು. ನಾನು ಹಣ ಕಟ್ಟಿದರೆ ಕಂಪನಿಯವರ ಫೋನು ಹೋಗುವುದು ಅವಳಿಗೆ. ದಾರದಕ್ಕನ ಲೈಂಗಿಕ ಸಾಮಗ್ರಿ ಅಂಗಡಿಯಲ್ಲಿ ನೀವು ಕೊಂಡದ್ದು ನಿಜವೇ ಎಂದು ಕೇಳುವುದು ಅವಳನ್ನು. ಅವಳು "ಅಯ್ಯೋ, ನಮ್ಮದಲ್ಲಪ್ಪ!" ಅಂದರೆ ಮುಗಿಯಿತು. ಅತ್ತೆಯ ಕಾಲದ ಅಂಗಡಿಗೆ ಬೀಗ.

ಇದನ್ನೆಲ್ಲ ವಿವರಿಸಿದೆ.

"ಹಾಗಾದ್ರೆ ಮೊದಲೇ ಹೆಂಡತಿಗೆ ಫೋನ್ ಮಾಡಿ ಹೇಳಿ," ಎಂದಳು ದಾರದಕ್ಕ, ಇದರಲ್ಲಿ ಕಷ್ಟ ಏನಿದೆ ಅನ್ನುವ ಹಾಗೆ.

"ಏನಂತ ಹೇಳಲಿ?"

ಅತ್ತೆ ಬಾಯಿ ಹಾಕಿದಳು. "ಇಷ್ಟು ಪುಟ ಬರೆದೆಯಂತೆ, ಕಟ್ಟಿಕೊಂಡವಳ ಹತ್ರ ಒಂದು ಮಾತು ಆಡೋಕೆ ಬರಲ್ವೇನೋ ಮಗಾ?"

ನಾನು ಎದ್ದೆ. ಪೌರುಷ ಉಕ್ಕಿ 'ಎದ್ದೆ' ಅಂತ ತಿಳಿಯಬೇಡಿ, ಸ್ಟೂಲು ಚುಚ್ಚುತ್ತಿತ್ತು. ಪರದೆಯ ಹಿಂದೆ ಹೋಗಿ, ತೀರಾ ಸಣ್ಣದಾದ, ತೀರಾ ನಿರುಪದ್ರವಿಯಾಗಿ ಕಂಡ ಒಂದು ಜೆಲ್ಲಿನ ಟ್ಯೂಬು ಆರಿಸಿಕೊಂಡೆ. ಫೋನು ಹಿಡಿದೆ. ತೆರೆಯ ಮೇಲೆ ಆ ಹೆಸರು ಪೂರ್ತಿ ಬಂತು, ಒಂದಕ್ಷರವೂ ಬಿಡದೆ. ಕಣ್ಣು ಮುಚ್ಚಿ ಒತ್ತಿದೆ.

"ಹೋಯ್ತು," ಎಂದಳು ದಾರದಕ್ಕ. ಆಕೆಯ ಕಣ್ಣಲ್ಲಿ ನೀರು ಬಂದಿತ್ತು. "ಈಗ ಬೇಗ ಮನೆಗೆ ಫೋನ್ ಮಾಡಿ, ಅವರು ಮಾಡೋ ಮುಂಚೆ."

ಮಾಡಿದೆ.

"ಎಲ್ಲಿದೀರಿ?" ಎಂದಳು ಹೆಂಡತಿ.

"ಒಂದು ಅಂಗಡೀಲಿ. ನೋಡು, ಈಗ ನಿನಗೆ ಒಂದು ಫೋನ್ ಬರುತ್ತೆ. ಒಂದು ಅಂಗಡಿ ಹೆಸರು ಹೇಳಿ, ಕೊಂಡದ್ದು ನಿಜಾನಾ ಅಂತ ಕೇಳ್ತಾರೆ. ನೀನು ಹೌದು ಅನ್ನಬೇಕು."

"ಯಾವ ಅಂಗಡಿ?"

ಹೇಳಿದೆ. ಪೂರ್ತಿ ಹೆಸರು ಹೇಳಿದೆ. ಆ ಕಡೆ ಕುಕ್ಕರಿನ ಸೀಟಿ ಕೇಳಿಸಿತು. ಆಮೇಲೆ ಅವಳು ನಕ್ಕಳು. ಬೈಗುಳಕ್ಕೆ ತಯಾರಾಗಿದ್ದವನಿಗೆ ಆ ನಗು ಎಷ್ಟು ಹಿತವಾಗಿತ್ತು ಅಂದರೆ, ನಾನೂ ಪೆದ್ದುಪೆದ್ದಾಗಿ ನಕ್ಕೆ.

"ಅಬ್ಬಾ, ನೀವಾ! ಏನು ತಗೊಂಡ್ರಿ?"

"ಸಣ್ಣದು. ಒಂದು ಟ್ಯೂಬು."

"ಸರಿ," ಎಂದಳು. ದನಿ ಮೆತ್ತಗಾಗಿತ್ತು. ಇಂಥ ದನಿಯನ್ನು ನಾನು ಕೇಳಿ ಎಷ್ಟು ಕಾಲವಾಗಿತ್ತೋ. "ಯಾರಿಗೆ?"

ಓದುಗರೇ, ಇಲ್ಲಿ ನಾನು ಸ್ವಲ್ಪ ನಿಲ್ಲಬೇಕಿತ್ತು. ಮೂರು ಡ್ರಾಫ್ಟು ಹರಿದವನು, ಒಂದು ಉತ್ತರಕ್ಕೆ ಎರಡು ಸಲ ಯೋಚಿಸಬೇಕಿತ್ತು.

"ಕಥೆಗೆ," ಎಂದುಬಿಟ್ಟೆ.

ಆ ಕಡೆ ಕುಕ್ಕರೂ ಸುಮ್ಮನಾಯಿತು.

"ಕಥೆಗಾ?"

"ಅಂದ್ರೆ, ಅದು, ಈ ಅಕ್ಕನ ಖಾತೆ..."

"ಇರಿ. ಇನ್ನೊಂದು ಫೋನ್ ಬರ್ತಿದೆ," ಎಂದು ಅವಳು ಇಟ್ಟುಬಿಟ್ಟಳು.

ದಾರದಕ್ಕ ಹಣೆ ಹಣೆ ಚಚ್ಚಿಕೊಂಡಳು. "ಏನ್ ಸಾರ್ ನೀವು! ನಮಗೆ ಅನ್ನೋಕೆ ಏನಾಗಿತ್ತು ನಿಮಗೆ? ನಮಗೆ ಅಂತ!"

"ಬಾಯಿ ಬಿಟ್ರೆ ಬಣ್ಣಗೇಡು," ಎಂದಳು ಅತ್ತೆ.

ಬರೆದ ಸಾಲಾಗಿದ್ದರೆ ಹೊಡೆದು ಮೇಲೆ ಸರಿಯಾದ್ದನ್ನು ಬರೆಯುತ್ತಿದ್ದೆ. ಇದು ಹೆಂಡತಿಯ ಕಿವಿಗೆ ಬಿದ್ದಾಗಿತ್ತು. ಬೇಕಾದರೆ ನಿಮಗೊಂದು ಮುಕ್ತಾಯ ಕೊಡಬಹುದು. ಅವಳು "ಹೌದು" ಅಂದಳು, ಖಾತೆ ಓಡಿತು, ಮೇಷ್ಟ್ರು ನಾಳೆ ಬಂದರು. ಇಲ್ಲವೇ ಅವಳು "ಇಲ್ಲ" ಅಂದಳು, ನೀಲಿ ಪರದೆ ಇಳಿಯಿತು, ಅತ್ತೆ ಗುಂಡಿಗಳ ಡಬ್ಬಿಗೆ ಮುಚ್ಚಳ ಹಾಕಿದಳು. ಎರಡನ್ನೂ ನನ್ನಿಂದ ಬರೆಯಲಾಗುತ್ತಿಲ್ಲ. ಪಾಲಿಸಿರಾಯನನ್ನು ನಾನು ಬರೆದೆ, ಮೇಷ್ಟ್ರನ್ನು ಬರೆದೆ, ದರ್ಜಿಯನ್ನೂ ಬರೆದೆ. ಇವಳನ್ನು ನಾನು ಬರೆದಿಲ್ಲ. ಇಷ್ಟು ವರ್ಷದಲ್ಲಿ ಸರಿಯಾಗಿ ಓದಿಯೂ ಇಲ್ಲ ಅಂತ ಕಾಣುತ್ತದೆ.

ಮತ್ತೆ ಫೋನು ಹಚ್ಚಿದೆ. ಎಂಗೇಜ್.

"ಇನ್ನೂ ಮಾತಾಡ್ತಿದಾರಾ?" ಎಂದಳು ದಾರದಕ್ಕ.

"ಹೂಂ."

"ಹೌದಾ ಇಲ್ವಾ ಅಂತ ಕೇಳೋದು ತಾನೇ? ಅದಕ್ಕೆ ಇಷ್ಟು ಹೊತ್ತು ಬೇಕಾ?"

ನನ್ನ ಹೆಂಡತಿ ಆ ಕಂಪನಿಯ ಹೆಣ್ಣುಮಗಳಿಗೆ ಏನು ಹೇಳುತ್ತಿದ್ದಾಳೋ, ಎಲ್ಲಿಂದ ಶುರು ಮಾಡಿದ್ದಾಳೋ. ದಾರದಕ್ಕ ನನ್ನ ಪಕ್ಕದಲ್ಲೇ ಬಂದು ನಿಂತಳು. ಟ್ಯೂಬು ಸುತ್ತಿಕೊಟ್ಟ ಕಂದು ಕಾಗದದ ಪೊಟ್ಟಣ ನನ್ನ ಕೈಯಲ್ಲಿ ಬೆವರಿಗೆ ಮೆತ್ತಗಾಗಿತ್ತು. ಇನ್ನೊಮ್ಮೆ ಹಚ್ಚಿದೆ.